ಎರಡು ಕಾರ್ಡ್ ಒಟ್ಟಿಗೆ ಹಿಡಿದರೆ ತಪ್ಪೇ?

ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಕೀಬೋರ್ಡಿನಲ್ಲಿ ಎಡಗೈಯಲ್ಲಿ ಸಿ ಮೇಜರ್ ಕಾರ್ಡ್, ಬಲಗೈಯಲ್ಲಿ ಡಿ ಮೇಜರ್ ಕಾರ್ಡ್ ಒಟ್ಟಿಗೆ ಹಿಡಿದರೆ ತಪ್ಪೇ, ಅದಕ್ಕೆ ಹೆಸರಿದೆಯೇ, ಹಾರ್ಮೋನಿಯಂನಲ್ಲೂ ಆಗುತ್ತದೆಯೇ ಎಂದು ಕೇಳಿದ್ದೀರಿ. ತಪ್ಪಲ್ಲ. ಹೆಸರು ಪಾಲಿಕಾರ್ಡ್. ಆದರೆ ಕಿವಿಗೆ ಅದು ಎರಡಾಗಿ ಕೇಳಿಸುತ್ತದೆಯೋ, ಒಂದೇ ದೊಡ್ಡ ಕಾರ್ಡಾಗಿ ಕೇಳಿಸುತ್ತದೆಯೋ ಎನ್ನುವುದೇ ಮುಖ್ಯ.

ಸಿಯನ್ನು ಷಡ್ಜ ಮಾಡಿಕೊಂಡು ಸ್ವರದಲ್ಲಿ ಬರೆದು ನೋಡಿ. ಸಿ ಮೇಜರ್ ಎಂದರೆ ಸ, ಗ, ಪ. ಡಿ ಮೇಜರ್ ಎಂದರೆ ರಿ, ತೀವ್ರ ಮ, ದ. ಆರೂ ಯಮನ್ ರಾಗದ ಸ್ವರಗಳೇ; ನಿ ಒಂದಿಲ್ಲ, ಅಷ್ಟೇ. ಹಾಗಾಗಿ ಕಿವಿ ಇದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಸಿ ಮೇಲೆ ಜಿ ಮೇಜರ್ ಇಟ್ಟರಂತೂ ಎರಡಕ್ಕೂ ಪ ಸಮಾನ; ಅದನ್ನು ಪಾಲಿಕಾರ್ಡ್ ಎನ್ನುವುದು ಆಡಂಬರ, ಐದು ಸ್ವರಗಳ ಒಂದೇ ಕಾರ್ಡ್ ಎಂದು ಎಣಿಸಿ ಮೇಜರ್ ನೈಂತ್ ಎಂದರೆ ಸಾಕು. ಎಫ್ ಶಾರ್ಪ್ ಮೇಜರ್ ಇಟ್ಟು ನೋಡಿ: ತೀವ್ರ ಮ, ಕೋಮಲ ನಿ, ಕೋಮಲ ರಿ. ಒಂದು ಕೈ ಪೂರ್ತಿ ಬಿಳಿ ಮನೆ (ಕೀ), ಇನ್ನೊಂದು ಪೂರ್ತಿ ಕಪ್ಪು ಮನೆ. 1911ರಲ್ಲಿ ಪ್ಯಾರಿಸ್ಸಿನಲ್ಲಿ ರಂಗಕ್ಕೆ ಬಂದ, ರಷ್ಯದ ಸಂಗೀತ ಸಂಯೋಜಕ ಸ್ಟ್ರಾವಿನ್‌ಸ್ಕಿಯ ಪೆಟ್ರುಷ್ಕಾ ಬ್ಯಾಲೆಯಲ್ಲಿ ಎರಡು ಕ್ಲಾರಿನೆಟ್‌ಗಳು ಈ ಜೋಡಿಯನ್ನು ನುಡಿಸುತ್ತವೆ. ಅದಕ್ಕೆ ಪೆಟ್ರುಷ್ಕಾ ಕಾರ್ಡ್ ಎಂದೇ ಹೆಸರು ನಿಂತಿದೆ.

ಆ ಹೆಸರಿನ ಮೋಹಕ್ಕೆ ನಾನೊಮ್ಮೆ ಮಾನ ಕಳೆದುಕೊಂಡೆ. ಮುಂಬೈ ಬಳಿಯ ಡೊಂಬಿವಲಿಯಲ್ಲಿ ನಮ್ಮ ಕನ್ನಡದವರ ಗಣೇಶೋತ್ಸವ. ಹಿರಿಯರೊಬ್ಬರು ದೇವರನಾಮ ಹಾಡುತ್ತಿದ್ದರು, ಕೀಬೋರ್ಡ್ ನನ್ನದು. ಎರಡನೆಯ ಚರಣಕ್ಕೆ ಮುಂಚಿನ ಬಿಡುವಿನಲ್ಲಿ ಈ ಜೋಡಿಯನ್ನು ಒತ್ತಿದೆ, ಅದೂ ಎರಡೂ ಕೈಗಳನ್ನು ಮಂದ್ರದಲ್ಲಿ, ಅಂದರೆ ಕೆಳಗಿನ ಸಪ್ತಕದಲ್ಲಿ, ಒತ್ತೊತ್ತಾಗಿ ಇಟ್ಟುಕೊಂಡು. ಅವರು ತೆರೆದ ಬಾಯಿಯನ್ನು ಮುಚ್ಚಿ, ಮೈಕನ್ನು ಬದಿಗೆ ಸರಿಸಿ, "ಮಗೂ, ನನ್ನ ಸ ಎಲ್ಲಿಟ್ಟಿದ್ದೀಯ?" ಎಂದರು. ಮೈಕ್ ಸಾಕಷ್ಟು ಸರಿದಿರಲಿಲ್ಲ.

ಮಂದ್ರದಲ್ಲಿ ಹತ್ತಿರ ಹತ್ತಿರದ ಸ್ವರಗಳ ಉಪಸ್ವರಗಳು (ಮೂಲ ಸ್ವರದೊಂದಿಗೇ ಸಣ್ಣಗೆ ಮೊಳಗುವ ಮೇಲಿನ ನಾದಗಳು) ಒಂದಕ್ಕೊಂದು ತಾಗಿ ಗೋಜಲಾಗುತ್ತವೆ. ಒಂದು ಕಾರ್ಡೇ ಅಲ್ಲಿ ಮಂಕಾಗುತ್ತದೆ, ಎರಡರ ಪಾಡು ಕೇಳಬೇಡಿ. ಎಡಗೈಯಲ್ಲಿ ಸ, ಪ ಹಿಡಿದು ಗ ಸ್ವರವನ್ನು ಮೇಲಿನ ಸಪ್ತಕಕ್ಕೆ ಕಳುಹಿಸಿ. ಬಲಗೈಯ ಕಾರ್ಡ್ ಅದಕ್ಕೂ ಮೇಲಿರಲಿ. ಕೀಬೋರ್ಡಿನಲ್ಲಿ ಎರಡು ಕೈಗೆ ಎರಡು ನಾದ ಹಂಚಲು ಬರುವುದಾದರೆ ಕೆಳಗೆ ಪಿಯಾನೊ, ಮೇಲೆ ಕೊಳಲು ಕೊಡಿ. ಎರಡು ಗುಂಪು ತಟ್ಟನೆ ಬೇರೆಯಾಗುತ್ತವೆ. ಹಾಡುವವರಿದ್ದರೆ ಮೊದಲೇ ಹೇಳಿಬಿಡಿ.

ಬರೆಯುವಾಗ ಒಂದು ಎಚ್ಚರ. ಡಿ ಬರೆದು ಓರೆಗೆರೆ ಎಳೆದು ಸಿ ಬರೆದರೆ, ಡಿ ಕಾರ್ಡಿನ ಕೆಳಗೆ ಸಿ ಸ್ವರವೊಂದೇ ಎಂದರ್ಥ. ಎರಡೂ ಪೂರ್ತಿ ಕಾರ್ಡ್ ಬೇಕಿದ್ದರೆ ಭಿನ್ನರಾಶಿಯಂತೆ ಅಡ್ಡಗೆರೆಯ ಮೇಲೊಂದು, ಕೆಳಗೊಂದು ಬರೆಯುತ್ತಾರೆ.

ಹಾರ್ಮೋನಿಯಂನಲ್ಲಿ ಒಂದು ಕೈ ತಿದಿಗೇ ಹೋಗುತ್ತದೆ. ಪಕ್ಕದಲ್ಲಿ ಇನ್ನೊಬ್ಬರನ್ನು ಇನ್ನೊಂದು ಪೆಟ್ಟಿಗೆಯೊಂದಿಗೆ ಕೂರಿಸಿಕೊಳ್ಳಬೇಕು, ಮತ್ತು ಎರಡು ಪೆಟ್ಟಿಗೆಗಳ ಶ್ರುತಿ ಕೂಡಬೇಕು. ನಮ್ಮ ಭಜನಾ ಮಂಡಳಿಯ ಎರಡು ಪೆಟ್ಟಿಗೆಗಳಂತೂ ಈವರೆಗೆ ಕೂಡಿಲ್ಲ.