ಆಟದ ಕಟ್ಟಿ: ಬಾಯಿ ಇದ್ದಾಂವನ ಗೆಲ್ಲೂದಾದ್ರ ದಾಳ ಯಾಕ್ರಿ?

ಪ್ರಶ್ನೆ: ಅಕ್ಕಾರ, ನಾವು ಐದ್ ಮಂದಿ ಪ್ರತಿ ರವಿವಾರ ನಮ್ಮ ಮಾಳಗಿ ಮ್ಯಾಲೆ ಕುಂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೇವಿ. ನಂದು ಬಾರ್ಡ್, ಹಾಡಾಕೂ ಮಾತಾಡಾಕೂ ಗಟ್ಟಿ ಇರೋ ಪಾತ್ರ, ಕರಿಜ್ಮಾ, ಅಂದ್ರ ಮಾತಿನ ಬಲದ ನಂಬರ್, 18. ಆದ್ರ ನಾನು ಖರೇನ ಮಾತಿಗೆ ತಡವರಸೋ ಮನಷ್ಯಾ, ಕಂಡಕ್ಟರ್ ಕಡೆ ಉಳದ ಚಿಲ್ಲರ ಕೇಳಾಕೂ ನಾಚಗೋತೇನಿ. ನಮ್ಮ ದೋಸ್ತ ಒಬ್ಬಾಂವ ಕಾಲೇಜ್ ನಾಟಕದಾಗ ಹೀರೋ, ಅವನ ಪಾತ್ರ ಕುಳ್ಳ ಫೈಟರ್, ಕರಿಜ್ಮಾ ಬರೇ 8. ಅಂವ ಬಾಯಿ ತಗದ್ರ ಸಾಕು ಆಟ ನಡಸೋ ಡಿಎಂ ಕರಗಿ "ಆತ್ ಬಿಡಪಾ, ಕಾವಲಗಾರ ಬಾಗಲಾ ತಗದ" ಅಂತಾನ, ದಾಳನ ಹಾಕಸೂದಿಲ್ಲ. ನನಗ ಮಾತ್ರ "ಏನಂತಿ, ಮಾತಾಡಿ ತೋರ್ಸು" ಅಂತಾನ, ನಾ ಎರಡ ಮಾತಾಡಿ ನಿಂತಬಿಡ್ತೇನಿ, ಎಲ್ಲಾರೂ ನಗ್ತಾರ, ಅದರ ಮ್ಯಾಲೆ ದಾಳ ಬ್ಯಾರೆ, 4 ಬೀಳ್ತೈತಿ. ನಾ ಪಾತ್ರ ಬದ್ಲಿ ಮಾಡ್ಲೇನು?
(ಹೆಸರು ಬ್ಯಾಡ್ರಿ, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಬ್ಯಾಡಪಾ, ಪಾತ್ರ ಬದಲಿ ಮಾಡಬ್ಯಾಡ, ತಪ್ಪು ನಿಂದಲ್ಲ. ಈ ಆಟ ಗೊತ್ತಿಲ್ಲದವರಿಗೆ ಮೊದಲ ಒಂದ್ ಮಾತ್ ಹೇಳಿಬಿಡ್ತೇನಿ, ಇದು ಟೇಬಲ್ ಸುತ್ತ ಕುಂತು ಕಥಿ ಕಟ್ಟೋ ಆಟ, 1974ರಾಗ ಅಮೆರಿಕಾದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು ಹೊರಗ ತಂದದ್ದು. ಡಿಎಂ ಅಂದ್ರ ನಮ್ಮ ಪಾರಿಜಾತದ ಭಾಗವತ ಇದ್ದಂಗ, ಕಥೀನೂ ನಡಸ್ತಾನ, ಬಂದ ಬಂದ ಪಾತ್ರದ ಜೋಡಿ ಮಾತೂ ಆಡ್ತಾನ, ಉಳದವರಿಗೆ ಒಂದೊಂದು ಪಾತ್ರ, ಕೈ ಹಾಕಿದ ಕೆಲಸ ಆತೋ ಇಲ್ಲೋ ಅನ್ನೂದನ್ನ 20 ಮುಖದ ದಾಳ ಹೇಳ್ತೈತಿ.

ಈಗ ನಿನ್ನ ವಿಷಯ. ನಿನ್ನ ದೋಸ್ತನ ಕುಳ್ಳ ಫೈಟರ್ ಬಂಡಿ ಎತ್ತತೇನಿ ಅಂದಾಗ ನಿಮ್ಮ ಡಿಎಂ ಅವನ್ನ ಜಾತ್ರಿಗೆ ಕರಕೊಂಡ್ ಹೋಗಿ ಸಂಗ್ರಾಣಿ ಕಲ್ಲು ಎತ್ತಿ ತೋರ್ಸು ಅಂತಾನೇನು? ಇಲ್ಲಲ್ಲ. ಅಲ್ಲಿ ಹಾಳ್ಯಾಗಿನ ನಂಬರ್ ನೋಡಿ ಸುಮ್ನಾಗ್ತಾನ. ಹಂಗಾದ್ರ ಮಾತಿನ ಪಾಳಿ ಬಂದಾಗಷ್ಟ ಆಡಾವನ ಬಾಯಿ ಯಾಕ್ ಪರೀಕ್ಷಾ ಮಾಡಬೇಕು? ರಟ್ಟಿ ಬಲ ಪಾತ್ರದ್ದು, ಮಾತಿನ ಬಲ ಮಾತ್ರ ಆಡಾವಂದು ಅಂದ್ರ ಅದು ಯಾವ ಲೆಕ್ಕ!

ಲೆಕ್ಕಾನ ಮಾಡೂಣ. ಈಗಿನ ಐದನೇ ಎಡಿಷನ್ನಿನಾಗ ಕರಿಜ್ಮಾ 18 ಅಂದ್ರ ಬಿದ್ದ ದಾಳಕ್ಕ +4 ಕೂಡಸೂದು, ಮನ ಒಲಸೋ ವಿದ್ಯೆ (ಪರ್ಸುಯೇಷನ್) ಕಲತಿದ್ರ ಸುರುವಿನ ಲೆವೆಲ್ಲಿಗೇ ಇನ್ನೊಂದು +2, ಒಟ್ಟು +6. ಕಾವಲಗಾರನ್ನ ಒಪ್ಪಸಾಕ 15 ಬೇಕು ಅಂತ ಇಟಗೋ, ದಾಳದಾಗ 9 ಅಥವಾ ಅದಕ್ಕಿಂತ ಜಾಸ್ತಿ ಬಿದ್ರ ನೀ ಗೆದ್ದಿ, ಅಂದ್ರ ನೂರಕ್ಕ 60. ಕುಳ್ಳಗ −1, ಅವಗ 16 ಬೀಳಬೇಕು, ನೂರಕ್ಕ 25. ಈ ಫರಕ್ ಸಲುವಾಗಿನ ನೀ ಕರಿಜ್ಮಾಕ್ಕ ಪಾಯಿಂಟ್ ಹಾಕಿದ್ದು, ಅಂವ ಅದನ್ನ ಬಿಟ್ಟು ತಾಕತ್ತಿಗೆ ಹಾಕಿದ್ದು. ಡಿಎಂ ದಾಳ ಹಾಕಸಲಾರದ ಬಾಗಲಾ ತಗದ್ರ ಅವಗ ಎರಡೂ ಫುಕಟ್ ಸಿಕ್ಕಂಗಾತು, ನಿನ್ನ ಪಾಯಿಂಟು ಹೊಳಿಗೆ ಹೋತು.

ಹಂಗಂತ ಬಾಯಿ ಮುಚ್ಚಿ ದಾಳ ಉಳ್ಳಸ್ರಿ ಅಂತನೂ ಅಲ್ಲ, "ಪರ್ಸುಯೇಷನ್ ಹಾಕ್ತೇನಿ" ಅಂತ ದಾಳ ಒಗದು ಮೊಬೈಲ್ ನೋಡಕೋತ ಕುಂತ್ರ ಅದರಾಗ ಏನ್ ಮಜಾ. ನಾ ಡಿಎಂ ಆಗಿರೋ ನಮ್ಮ ಟೇಬಲ್ಲಿನಾಗ ಒಬ್ಬಾಕಿ ಅದಾಳ, ನಿನ್ನಂಗ ಮಾತು ಕಮ್ಮಿ. ಒಮ್ಮೆ ಊರ ಬಾಗಲದಾಗ ಕಾವಲಗಾರ ತಡದ. ಆಕಿ ಭಾಷಣ ಏನ್ ಮಾಡಲಿಲ್ಲ, "ಅವನ ಕಾಲಾಗಿನ ಬೂಟು ಹೆಂಗೈತ್ರಿ?" ಅಂತ ನನಗ ಕೇಳಿದ್ಲು. ನಾ ಅದನ್ನ ವಿಚಾರನ ಮಾಡಿರಲಿಲ್ಲ, ಬಾಯಿಗೆ ಬಂದಂಗ "ಅಂಗಾಲು ಹರದೈತಿ" ಅಂದೆ. "ಹಂಗಾದ್ರ ನನ್ನ ಬಾರ್ಡ್ ಅವಗ ಅಂತಾಳ, ಮೂರ ತಿಂಗಳದಿಂದ ನಿಮಗ ಪಗಾರ ಕೊಟ್ಟಿಲ್ಲೇನ್ರಿ" ಅಂದ್ಲು. ಅಷ್ಟ. ಒಂದ ಮಾತು. ನಾ 15 ಇದ್ದದ್ದನ್ನ 10ಕ್ಕ ಇಳಿಸಿ ದಾಳ ಕೊಟ್ಟೆ, ಯಾಕಂದ್ರ ಕಾವಲಗಾರನ ನಸ ಎಲ್ಲೈತಿ ಅಂತ ಆಕಿ ಹುಡುಕಿದ್ಲು, ಮಾತು ಚಂದ ಇತ್ತು ಅಂತಲ್ಲ. ಯಾವ ಮಾತ್ ತಗೀಬೇಕು ಅನ್ನೂದು ಆಡಾವರ ಕೆಲಸ, ಅದನ್ನ ಎಷ್ಟ್ ನಾಜೂಕಾಗಿ ಆಡಿದ್ರು ಅನ್ನೂದು ದಾಳದ್ದು, ನಾ ಅಂತೂ ಹಿಂಗ ನಡಸ್ತೇನಿ.

ನಿನ್ನ ದೋಸ್ತಗೂ ಅನ್ಯಾಯ ಆಗಬಾರದು, ಅವನ ಮಾತು ಅಷ್ಟ್ ಚಲೋ ಇದ್ರ ಅಡ್ವಾಂಟೇಜ್ ಕೊಡ್ಲಿ, ಅಂದ್ರ ದಾಳ ಎರಡ ಸಲ ಹಾಕಿ ದೊಡ್ಡದನ್ನ ತಗೊಳ್ಳೂದು. ಅವನ ನೂರಕ್ಕ 25 ಇದ್ದದ್ದು 44ರ ಹತ್ರ ಬರ್ತೈತಿ, ಕಮ್ಮಿ ಏನಲ್ಲ. ಅಂಥಾದ್ದ ಅಡ್ವಾಂಟೇಜ್ ನಿನಗ ಸಿಕ್ರ 84. ಇದನ್ನ ಡಿಎಂಗೆ ಆಟದ ನಡುವ ಹೇಳಬ್ಯಾಡ, ಎಲ್ಲಾರ ಮುಂದ ಹೇಳಿದ್ರ ಅವಗೂ ಸಿಟ್ಟು ಬರ್ತೈತಿ, ಆಟ ಮುಗದ ಮ್ಯಾಲೆ ಗಿರಮಿಟ್ಟು ತಿನ್ನೂಮುಂದ ಮೆಲ್ಲಕ ಹೇಳು. ಮಾತಾಡಾಕ ನಾಚಿಕಿ ಆದ್ರ ಈ ಪುಟ ಹರದು ಕೊಟ್ಬಿಡು.

ಪ್ರಶ್ನೆ: ಅಕ್ಕಾರ ನಾ ಡಿಎಂ. ಹ್ವಾದ ವಾರ ನಮ್ಮ ಹುಡುಗಿ ಒಬ್ಬಾಕಿ ಜೇಲಿನಾಗಿರೋ ಅಣ್ಣನ ಸಲುವಾಗಿ ರಾಜನ ಮುಂದ ಐದ ನಿಮಿಷ ಮಾತಾಡಿದ್ಲು, ನಮ್ಮ ಕಣ್ಣಾಗ ನೀರು. ರೂಢಿ ಪ್ರಕಾರ ದಾಳ ಹಾಕು ಅಂದೆ, 3 ಬಿತ್ತು, ರಾಜ ಒಪ್ಪಲಿಲ್ಲ ಅಂದೆ. ಆಕಿ ಮಾರಿ ಇಷ್ಟ ಸಣ್ಣದಾತು, ಆಮ್ಯಾಲೆ ಆಟ ಮುಂದ ಹೋಗಲೇ ಇಲ್ಲ.
(ಸಪ್ತಾಪುರ, ಧಾರವಾಡ)

ಉತ್ತರ: ಇದನ್ನ ನಾನೂ ಮಾಡೇನಿ, ಮಾಡಿದ್ದಲ್ಲದ "ದಾಳ ಅಂದ್ರ ದಾಳ" ಅಂತ ಜೋರ ಬ್ಯಾರೆ ಮಾಡಿದ್ದೆ, ನೆನಸಿದ್ರ ಈಗೂ ನಾಚಿಕಿ. ನೀವು ದಾಳ ಹಾಕಿಸಿದ್ದು ತಪ್ಪಲ್ರಿ, ಹೊತ್ತು ತಪ್ಪಿತು. ಮಾತೆಲ್ಲಾ ಮುಗದು ರಾಜ ಕರಗ್ಯಾನ ಅಂತ ಎಲ್ಲಾರಿಗೂ ಅನಿಸಿದ ಮ್ಯಾಲೆ ದಾಳ ಬಂದು ಇಲ್ಲ ಅಂದ್ರ ಯಾರರ ನಂಬ್ತಾರೇನು? ಎರಡ ದಾರಿ ಅದಾವ. ಆ ಮಾತು ಕೇಳಿ ರಾಜ ಒಪ್ಪಲಾರದ ಇರಾಕ ಸಾಧ್ಯನ ಇಲ್ಲ ಅಂತ ನಿಮಗ ಅನಿಸಿದ್ರ ದಾಳ ಮುಟ್ಟಬ್ಯಾಡ್ರಿ, ಆಗೂದು ಖಾತ್ರಿ ಇದ್ದಲ್ಲಿ ದಾಳ ಬ್ಯಾಡ, ಏನ್ ಮಾಡಿದ್ರೂ ಆಗಂಗಿಲ್ಲ ಅನ್ನೋವಲ್ಲೂ ಬ್ಯಾಡ, ರೂಲ್ ಬುಕ್ಕೂ ಇದನ್ನ ಅಂತೈತಿ. ಅನುಮಾನ ಇದ್ರ ಮಾತಿಗಿಂತ ಮೊದಲ ದಾಳ ಹಾಕಿಸ್ರಿ. 3 ಬಿತ್ತಾ, ಆಕಿಗೆ ಸೋಲ್ತೇನಿ ಅಂತ ಗೊತ್ತಾತು, ಈಗ ಸೋಲೋ ಮಾತನ್ನ ಆಡ್ತಾಳ, ನಡುವ ಸಿಟ್ಟಿಗೆದ್ದು ರಾಜನ ತಂದಿ ಹೆಸರು ತಗೀತಾಳ, ದನಿ ಒಡೀತೈತಿ. ಕಂಪನಿ ನಾಟಕದಾಗ ಮುಂದ ಏನ್ ಆಗ್ತೈತಿ ಅಂತ ನಟಗ ಗೊತ್ತಿರಂಗಿಲ್ಲೇನ್ರಿ, ಆದ್ರೂ ಹಿಂದಿನ ಸಾಲಿನ ಮಂದೀನೂ ಅಳಸ್ತಾನ.

ಇನ್ನೊಂದು, ಪಣ ಏನು ಅಂತ ದಾಳ ಒಗಿಯೂಕಿಂತ ಮೊದಲ ಬಾಯಿ ಬಿಟ್ಟು ಹೇಳ್ರಿ. ಗದಗಿನ ವೀರನಾರಾಯಣನ ಗುಡಿ ಕಡೆ ಬೆಳದವಳು ನಾನು, ಭಾರತ ಓದೂದನ್ನ ಕೇಳಕೋತ ದೊಡ್ಡಾಕಿ ಆಗೇನಿ, ಧರ್ಮರಾಯ ಕೆಟ್ಟದ್ದು ಶಕುನಿ ದಾಳದಿಂದ ಅಷ್ಟ ಅಲ್ರಿ, ಪಣಕ್ಕ ಯಾವುದನ್ನ ಇಡಬಾರದಿತ್ತೋ ಅದನ್ನ ಇಟ್ಟ. ನೀವೂ ಅಣ್ಣನ ಜೀವ ಪೂರಾ ಪಣಕ್ಕಿಟ್ರಿ. "ಬಿದ್ರ ಇವತ್ತ ಬಿಡುಗಡಿ, ಬೀಳದಿದ್ರ ಬಿಡ್ತಾನ ಆದ್ರ ನಿನ್ನ ಒತ್ತಿ ಇಟಗೋತಾನ" ಅಂದಿದ್ರ 3 ಬಿದ್ದಾಗೂ ಕಥಿ ಓಡತಿತ್ತು. 2010ರಾಗ ಬಂದ ಅಪೋಕಲಿಪ್ಸ್ ವರ್ಲ್ಡ್ ಅನ್ನೋ ಆಟ ಇದರ ಮ್ಯಾಲೇನ ನಿಂತೈತಿ, ಮಾಮೂಲಿ ಆರ ಮುಖದ ಎರಡ ದಾಳ, 10 ಅಥವಾ ಅದಕ್ಕಿಂತ ಜಾಸ್ತಿ ಆದ್ರ ಪೂರಾ ಗೆಲುವು, 7ರಿಂದ 9 ಬಿದ್ರ ಕೆಲಸ ಆಗ್ತೈತಿ ಆದ್ರ ಏನರೆ ಕೊಡಬೇಕು. ದಾಳನ ಬ್ಯಾಡ ಅನ್ನೋರಿಗೆ 1991ರ ಆಂಬರ್ ಐತಿ, ಅದರಾಗ ದಾಳಕ್ಕ ಕೆಲಸನ ಇಲ್ಲ. ನಾ ಅದಕ್ಕ ಮನಸ್ ಮಾಡಿಲ್ಲ, ದಾಳ ಉಳ್ಳೋ ಸಪ್ಪಳ ಇರಲಿಲ್ಲ ಅಂದ್ರ ನನಗ ಆಟ ಅನಸಂಗಿಲ್ಲ.

ಪ್ರಶ್ನೆ: 20 ಬಿತ್ತಂದ್ರ ರಾಜ ಸಿಂಹಾಸನ ಬಿಟ್ಟ ಕೊಡಬೇಕಲ್ರಿ?
(ಬೆಟಗೇರಿ, ಗದಗ)

ಉತ್ತರ: ಕೊಡಂಗಿಲ್ಲ. 20 ಬಿದ್ದ ಕೂಡಲೇ ಗೆದ್ದಂಗ ಅನ್ನೂದು ಹೊಡೆದಾಟದ ಏಟಿಗೆ ಇರೋ ರೂಲು, ಮಾತಿಗಲ್ಲ. ನಗತಾನ, ತಲಿ ತಗಸೂದಿಲ್ಲ, ಅಷ್ಟ ನಿಮ್ಮ ಪುಣ್ಯ.

ಪ್ರಶ್ನೆ: ಮನ್ಯಾಗ ದಾಳ ನೋಡಿ ನಮ್ಮವ್ವ ಜೂಜು ಆಡ್ತಿಯೇನಲೇ ಅಂತ ಬೈತಾಳ. ಹೆಂಗ್ ತಿಳಿಸಿ ಹೇಳ್ಲಿ?
(ಹಾವೇರಿ)

ಉತ್ತರ: ತಿಳಿಸಿ ಹೇಳಾಕ ಹೋಗಬ್ಯಾಡಪಾ, ಆಡಾಕ ಕೂಡಸು. ನಮ್ಮವ್ವನೂ ಹಿಂಗ ಅಂತಿದ್ಲು, ತಾನು ಮಾತ್ರ ಕವಡಿ ಹಿಡದು ಚೌಕಾಬಾರಾ ಆಡಾಕ ಕುಂತ್ರ ಒಲಿ ಮ್ಯಾಲಿನ ಹಾಲು ಉಕ್ಕಿದ್ರೂ ಏಳತಿರಲಿಲ್ಲ. ಒಮ್ಮೆ ಆಕಿಗೆ ಸಂತಿಯೊಳಗ ಮದ್ದು ಮಾರೋ ಮುದುಕಿ ಪಾತ್ರ ಕೊಟ್ಟೆ. ನಮ್ಮ ಬಾರ್ಡ್ ಬಂದು ರೇಟ್ ಇಳಿಸ್ರಿ ಅಂತ ದಾಳ ಹಾಕಿದ್ಲು, ಎಲ್ಲಾ ಕೂಡಿ 23. "ನಿನ್ನ ದಾಳ ನಿನ್ನ ಕಡೇನ ಇಟಗೊ ತಂಗಿ, ತಗೊಳ್ಳೂದಿದ್ರ ತಗೊ" ಅಂದ್ಲು ಅವ್ವ. ನಾ ರೂಲ್ ಬುಕ್ ತೋರಿಸಿದೆ, ಕನ್ನಡಕ ಇಲ್ಲ ಅಂದ್ಲು.