ರೈಸರಿನ ಜಾತಕ ರೈಸರಿನ ಜೊತೆಗೇ ಇರಲಿ

ಪ್ರಶ್ನೆ: ನಮ್ಮದು 500 ಕೆ.ಜಿ. ಇಂಡಕ್ಷನ್ ಫರ್ನೇಸಿನ ಸಣ್ಣ ಫೌಂಡ್ರಿ. ಗ್ರೇ ಐರನ್, ಎಸ್‌ಜಿ ಐರನ್ (ಗ್ರಾಫೈಟ್ ಗುಂಡಗಿರುವ ಎರಕದ ಕಬ್ಬಿಣ) ಎರಡೂ ಹೊಯ್ಯುತ್ತೇವೆ. ಎರಕದಿಂದ ಕಡಿದ ರನ್ನರ್ (ಲೋಹ ಹರಿಯುವ ಕಾಲುವೆಯಲ್ಲಿ ಗಟ್ಟಿಯಾದ ಭಾಗ), ರೈಸರ್ (ಕುಗ್ಗುವ ಎರಕಕ್ಕೆ ಲೋಹ ಒದಗಿಸುವ ಹೆಚ್ಚುವರಿ ಗಡ್ಡೆ), ರಿಜೆಕ್ಟ್ ಮಾಲು ಮತ್ತೆ ಫರ್ನೇಸಿಗೇ ಹೋಗುತ್ತದೆ. ಒಮ್ಮೊಮ್ಮೆ ಎಸ್‌ಜಿ ಐರನ್ನಿನ ಮೆತ್ತನೆಯ 400/15 ಗ್ರೇಡಿನ ಮಾಲು ಗಡುಸಾಗಿ ಇಲಾಂಗೇಶನ್ (ಮುರಿಯುವ ಮುನ್ನ ಹಿಗ್ಗುವ ಗುಣ) ಸಿಗುವುದಿಲ್ಲ. ಸ್ಕ್ರಾಪ್ ಲೆಕ್ಕಕ್ಕೆ ಸಾಫ್ಟ್‌ವೇರ್ ಹಾಕಿಸಿದರೆ ಸರಿಹೋದೀತೆ?
– ಸೂಪರ್‌ವೈಸರ್, ಉದ್ಯಮಬಾಗ, ಬೆಳಗಾವಿ

ಉತ್ತರ: ಸಾಫ್ಟ್‌ವೇರ್ ಆಮೇಲೆ, ಮೊದಲು ತಾಮ್ರ ಹುಡುಕಿ. ಹೆಚ್ಚು ಗಟ್ಟಿಯಾದ 600/3 ಗ್ರೇಡಿಗೆ ಪರ್ಲೈಟ್ (ಲೋಹವನ್ನು ಗಡುಸಾಗಿಸುವ ಒಳರಚನೆ) ಬರಲೆಂದು ಹಾಕಿದ ತಾಮ್ರ ಎಷ್ಟು ಸಲ ಕರಗಿಸಿದರೂ ಸುಡುವುದಿಲ್ಲ, ಸ್ಲ್ಯಾಗಿಗೂ (ಮೇಲೆ ತೇಲುವ ಕಿಟ್ಟಕ್ಕೂ) ಹೋಗುವುದಿಲ್ಲ. ಶೇ. 0.6 ತಾಮ್ರವಿರುವ 200 ಕೆ.ಜಿ. ರೈಸರ್ 500 ಕೆ.ಜಿ. ಚಾರ್ಜಿಗೆ (ಫರ್ನೇಸಿಗೆ ತುಂಬುವ ಮಾಲಿಗೆ) ಬಿದ್ದರೆ 1.2 ಕೆ.ಜಿ. ತಾಮ್ರ ಬಂದಂತೆ, ಅಂದರೆ ಶೇ. 0.24. 400/15ಕ್ಕೆ ಅದು ಶೇ. 0.1ರೊಳಗಿರಬೇಕು. ಗ್ರೇ ಐರನ್ ರೈಸರ್ ಬೆರೆತರೆ ತೊಂದರೆಯೇ ಬೇರೆ: ಅದರ ಗಂಧಕ ಎಸ್‌ಜಿಗೆ ಹಾಕುವ ಮೆಗ್ನೀಸಿಯಮ್ಮನ್ನು ತಿಂದುಹಾಕುತ್ತದೆ, ಗ್ರಾಫೈಟ್ ಗುಂಡಗಾಗುವುದಿಲ್ಲ. ಗುಡ್ಡೆ ಹಾಕಿದ ಮೇಲೆ ಯಾವ ರೈಸರ್ ಯಾವ ಗ್ರೇಡಿನದೆಂದು ಕಣ್ಣಿಗೆ ಗೊತ್ತಾಗದು. ಮೊಬೈಲ್ ಕೆಲಸಕ್ಕೆ ಬರುವುದು ಇಲ್ಲೇ.

ಪ್ರತಿ ಹೀಟಿಗೂ (ಒಂದು ಸಲ ಕರಗಿಸಿದ ಲೋಹಕ್ಕೂ) ಒಂದು ನಂಬರ್ ಕೊಡಿ. ಸ್ಪೆಕ್ಟ್ರೋಮೀಟರಿನ (ಲೋಹದಲ್ಲಿ ಏನೇನು ಎಷ್ಟಿದೆಯೆಂದು ಅಳೆಯುವ ಯಂತ್ರದ) ರೀಡಿಂಗನ್ನು ಅದೇ ನಂಬರಿನಡಿ ಗೂಗಲ್ ಶೀಟಿಗೆ ಹಾಕಿ. ಶುರುವಿಗೆ ಇಷ್ಟೇ ಸಾಕು, ದುಬಾರಿ ಪ್ಯಾಕೇಜ್ ಬೇಡ. ಸ್ಯಾಂಪಲ್ ತಾಮ್ರದ ಅಚ್ಚಿನಲ್ಲಿ ಥಟ್ಟನೆ ಗಟ್ಟಿಯಾಗಿ, ಮುರಿದರೆ ಬೆಳ್ಳಗೆ ಕಾಣಬೇಕು. ಬೂದು ಕಂಡರೆ ಇಂಗಾಲದ ಅಂಕಿ ನಂಬಬೇಡಿ. ನೀವು ತಾಮ್ರವನ್ನು ಲ್ಯಾಡಲಿನಲ್ಲಿ (ಕರಗಿದ ಲೋಹ ಹೊಯ್ಯುವ ಪಾತ್ರೆಯಲ್ಲಿ) ಹಾಕುವವರಾದರೆ ಸ್ಯಾಂಪಲ್ ಅಲ್ಲಿಂದಲೇ ತೆಗೆಯಿರಿ. ಫರ್ನೇಸಿನ ಸ್ಯಾಂಪಲ್ ನೋಡಿ ಬರೆದರೆ ಶೀಟಿನಲ್ಲಿ ತಾಮ್ರವೇ ಇರುವುದಿಲ್ಲ, ರೈಸರಿನಲ್ಲಿ ಇರುತ್ತದೆ.

ಕ್ಯೂಆರ್ ಕೋಡನ್ನು ರೈಸರಿಗೆ ಅಂಟಿಸಲು ಹೋಗಬೇಡಿ, ನಿಲ್ಲದು. ಗ್ರೇಡಿಗೊಂದು ಕಬ್ಬಿಣದ ಬಿನ್ ಇಟ್ಟು, ಕೋಡ್ ಕೊರೆದ ತಗಡನ್ನು ಅದಕ್ಕೆ ರಿವೆಟ್ ಹೊಡೆಯಿರಿ. ಕಾಗದದ ಸ್ಟಿಕ್ಕರ್ ಮೇಲೆ ಮರಳಿನ ಧೂಳು ಕೂತರೆ ಕ್ಯಾಮೆರಾ ಓದುವುದಿಲ್ಲ. ರೈಸರ್ ತುಂಡಿಗೆ ಗ್ರೇಡಿನ ಬಣ್ಣ ಸಾಕು, ಅದನ್ನೂ ಶಾಟ್ ಬ್ಲಾಸ್ಟ್ (ಸಣ್ಣ ಉಕ್ಕಿನ ಗುಂಡು ಹೊಡೆದು ಮರಳು ಉದುರಿಸುವುದು) ಆದ ಮೇಲೆ ಬಳಿಯಿರಿ. ಮೊದಲೇ ಬಳಿದರೆ ಉದುರಿಹೋಗುತ್ತದೆ. ಬ್ಲಾಸ್ಟ್ ತಪ್ಪಿಸಬೇಡಿ: ಅಂಟಿದ ಮರಳು ಕಾಟಾದಲ್ಲಿ ಕಬ್ಬಿಣವೆಂದು ತೂಗುತ್ತದೆ, ಒಳಗೆ ಸ್ಲ್ಯಾಗ್ ಆಗಿ ಕರೆಂಟನ್ನೂ ತಿನ್ನುತ್ತದೆ.

ಚಾರ್ಜ್ ಮಾಡುವಾಗ ಬಿನ್ ಕೋಡ್ ಸ್ಕ್ಯಾನ್ ಮಾಡಿ ತೂಕ ತುಂಬಿ. ತೂಕವನ್ನು ಆ ಬಿನ್ನಿನ ಮಾಲಿನ ತಾಮ್ರದ ಶೇಕಡಾವಾರಿನಿಂದ ಗುಣಿಸಿ, ಎಲ್ಲ ಬಿನ್ ಕೂಡಿಸಿ, ಒಟ್ಟು ಚಾರ್ಜಿನಿಂದ ಭಾಗಿಸುವ ಸೂತ್ರ ಶೀಟಿನಲ್ಲೇ ಇರಲಿ. ಮಿತಿ ದಾಟಿದರೆ ಸೆಲ್ ಕೆಂಪಾಗಲಿ. ಆಗ ರೈಸರ್ ಕಡಿಮೆ ಮಾಡಿ, ಗೊತ್ತಿರುವ ಸ್ಟೀಲ್ ಸ್ಕ್ರಾಪ್ ಹೆಚ್ಚಿಸಿ, ಇಂಗಾಲ ಸರಿದೂಗಿಸಿ.

ಹೆಚ್ಚಾಗಿ ಕೆಡುವುದು ಎರಡು ಕಡೆ. ರಾತ್ರಿ ಪಾಳಿಯಲ್ಲಿ ಹತ್ತಿರ ಕಂಡ ಬಿನ್ನಿಗೇ ಸುರಿಯುತ್ತಾರೆ. ಆದ್ದರಿಂದ ಬಿನ್‌ಗಳನ್ನು ಕಡಿಯುವ ಜಾಗದ ಪಕ್ಕದಲ್ಲೇ ಇಡಿ. ಇನ್ನೊಂದು, ತಳದಲ್ಲಿ ಹಳೆ ಲಾಟ್ (ಹಿಂದೆ ತುಂಬಿದ ಮಾಲು) ಉಳಿದಿರುವಾಗಲೇ ಮೇಲೆ ಹೊಸದು ಬೀಳುತ್ತದೆ. ಬಿನ್ ಪೂರ್ತಿ ಬರಿದಾದ ಹೊರತು ಲಾಟ್ ನಂಬರ್ ಬದಲಿಸಬೇಡಿ. ಗುರುತು ತಪ್ಪಿದ ಮಾಲಿಗೆ ಬೇರೆ ಬಿನ್ ಮಾಡಿ, ಅದನ್ನು 600/3ಕ್ಕೆ ಸ್ವಲ್ಪಸ್ವಲ್ಪವೇ, ಸ್ಯಾಂಪಲ್ ನೋಡಿಕೊಂಡು ಹಾಕಿ. 400/15ಕ್ಕೆ ಮಾತ್ರ ಬೇಡವೇ ಬೇಡ.

ಪ್ರಶ್ನೆ: ದ್ರಾಕ್ಷಿ ತೋಟದಿಂದ ತೆಗೆದ ಹಳೆ ಡ್ರಿಪ್ ಪೈಪನ್ನು ವಾಟ್ಸಾಪಿನಲ್ಲಿ ಫೋಟೊ ಕಳಿಸಿ ಮರುಬಳಕೆಯವರಿಗೆ ಮಾರಬಹುದೆ?
– ರೈತರು, ತಿಕೋಟಾ, ವಿಜಯಪುರ ಜಿಲ್ಲೆ

ಉತ್ತರ: ಮಾರಬಹುದು, ಆದರೆ ಸುರುಳಿಯ ಫೋಟೊ ಒಂದರಿಂದ ದರ ಕುದುರದು. ಪೈಪಿನ ಮೇಲೆ ಅಚ್ಚಾದ ಸಾಲು ಓದಲು ಬರುವಷ್ಟು ಹತ್ತಿರದಿಂದ ಒಂದು, ಕಾಟಾದ ರೀಡಿಂಗಿನದು ಒಂದು, ಕಡಿದ ತುದಿಯಲ್ಲಿ ಒಳಗಿನ ಉಪ್ಪಿನ ಪದರು ಕಾಣುವಂತೆ ಇನ್ನೊಂದು ಕಳಿಸಿ. ಲ್ಯಾಟರಲ್ (ಗಿಡದ ಸಾಲಿನುದ್ದಕ್ಕೂ ಹಾಯುವ ಸಣ್ಣ ಪೈಪು) ಪಾಲಿಎಥಿಲೀನ್, ಮೇನ್ ಲೈನ್ ಸಾಮಾನ್ಯವಾಗಿ ಪಿವಿಸಿ, ಬೆರೆಸಿ ಕಟ್ಟಬೇಡಿ. ಪಿವಿಸಿ ಬಿಸಿಯಲ್ಲಿ ಆಮ್ಲದ ಹೊಗೆ ಬಿಟ್ಟು ಅವರ ಯಂತ್ರವನ್ನೇ ತಿನ್ನುತ್ತದೆ. ಅಕ್ಷರ ಅಳಿಸಿದ್ದರೆ ಬೆರಳುದ್ದದ ತುಂಡನ್ನು ಗಾಳಿ ಗುಳ್ಳೆ ಉಳಿಯದಂತೆ ಬಕೆಟ್ ನೀರಿನಲ್ಲಿ ಅದ್ದಿ ಬಿಡಿ: ತೇಲಿದರೆ ಪಾಲಿಎಥಿಲೀನ್, ಮುಳುಗಿದರೆ ಪಿವಿಸಿ. ಜಾಯಿನರ್, ರಬ್ಬರ್ ಗ್ರೊಮೆಟ್ ಕಿತ್ತು, ಮಣ್ಣು ತೊಳೆದು ಒಣಗಿಸಿದ ಮೇಲೆ ತೂಗಿಸಿ.