ಓದುಗರ ಪ್ರಶ್ನೆ: ಸೆರುಸೈಟ್ ಹರಳು ಮನೆಗೆ ತರುವ ಮುಂಚೆ

ಸೀಸದ ಕಾರ್ಬೊನೇಟ್ ಖನಿಜ ಸೆರುಸೈಟ್. ಅದರ ಹರಳು ಸಂಗ್ರಹಿಸುವ ಬಗ್ಗೆ ಈ ಸಲ ಕೋಲಾರ ಜಿಲ್ಲೆಯಿಂದಲೇ ಜಾಸ್ತಿ ಪತ್ರ ಬಂದಿವೆ. ಗಣಿ ಇದ್ದ ಸೀಮೆ, ಕಲ್ಲಿನ ಹುಚ್ಚು ಇರಲೇಬೇಕು ಅಲ್ವಾ.

ಪ್ರಶ್ನೆ: ನಮ್ಮ ತಾತ ಚಾಂಪಿಯನ್ ರೀಫ್‌ನಲ್ಲಿ ಕೆಲಸಕ್ಕಿದ್ದರು. ಅವರ ಟ್ರಂಕಿನಲ್ಲಿ ಒಂದು ಬಿಳಿ ಕಲ್ಲು ಸಿಕ್ಕಿದೆ, ಗಾತ್ರಕ್ಕೆ ಮೀರಿದ ಭಾರ. ಸೆರುಸೈಟ್ ಇರಬಹುದಾ?
(ರಾಬರ್ಟ್‌ಸನ್‌ಪೇಟೆ, ಕೆ.ಜಿ.ಎಫ್.)

ಉತ್ತರ: ಇರಬಹುದು. ಆದರೆ ನನ್ನ ಮೊದಲ ಗುಮಾನಿ ಶೀಲೈಟ್ ಮೇಲೆ. ಅದು ಟಂಗ್‌ಸ್ಟನ್ ಅದಿರು, ನಿಮ್ಮ ಊರಿನ ಗಣಿಯಲ್ಲೇ ಚಿನ್ನದ ಜೊತೆ ಸಿಗುತ್ತಿತ್ತು, ಅದೂ ಬಿಳಿ, ಅದೂ ಭಾರ. ಸೆರುಸೈಟ್ ಹುಟ್ಟುವ ಜಾಗವೇ ಬೇರೆ. ನೆಲದ ಮೇಲಿನ ಪದರಗಳಲ್ಲಿ ಗೆಲೀನ ಎಂಬ ಸೀಸದ ಅದಿರು ಇರಬೇಕು, ಗಾಳಿ ಮತ್ತು ಮಳೆನೀರು ಇಳಿದು ಅದನ್ನು ಕೆಡಿಸುತ್ತಾ ಬರಬೇಕು, ಆ ನೀರಿಗೆ ಅಕ್ಕಪಕ್ಕದ ಸುಣ್ಣಕಲ್ಲಿನಿಂದಲೋ ಇನ್ನೆಲ್ಲಿಂದಲೋ ಕಾರ್ಬೊನೇಟ್ ಸಿಗಬೇಕು. ಕೋಲಾರದ್ದು ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನ ಇದ್ದ ಗಣಿ, 3 ಕಿಲೋಮೀಟರಿಗೂ ಹೆಚ್ಚು ಆಳ ಹೋಗಿತ್ತು. ಗೆಲೀನ ಅಲ್ಲಿ ಅಲ್ಪಸ್ವಲ್ಪ ಇತ್ತು, ಅಷ್ಟೇ. ಒಳ್ಳೆಯ ಸೆರುಸೈಟ್ ಹರಳಿಗೆ ಅದು ಸಾಲದು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕಲ್ಲನ್ನು ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಆಮೇಲೆ ಅದೇ ತಕ್ಕಡಿ ಮೇಲೆ ನೀರು ತುಂಬಿದ ಲೋಟ ಇಟ್ಟು ಸೊನ್ನೆಗೆ ತನ್ನಿ, ಕಲ್ಲಿಗೆ ದಾರ ಕಟ್ಟಿ ತಳ ಮುಟ್ಟದ ಹಾಗೆ ಪೂರ್ತಿ ಮುಳುಗಿಸಿ. ಮೊದಲ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. 65 ಗ್ರಾಂ ಸೆರುಸೈಟ್ ಮುಳುಗಿಸಿದರೆ ತಕ್ಕಡಿ ಸುಮಾರು 10 ಗ್ರಾಂ ತೋರಿಸುತ್ತದೆ, ಅದೇ ತೂಕದ ಬೆಣಚುಕಲ್ಲಿಗೆ 24ರ ಮೇಲೆ. ತೊಡಕು ಏನೆಂದರೆ ಸೆರುಸೈಟ್ ಸಾಂದ್ರತೆ 6.5, ಶೀಲೈಟ್‌ನದು 6.1. ಅಡುಗೆಮನೆ ತಕ್ಕಡಿ ಇವೆರಡನ್ನು ನಂಬಿಕೆಯಿಂದ ಬೇರೆ ಮಾಡಲಾರದು. ಕಲ್ಲಿಗೆ ಬೇರೆ ಬಂಡೆ ಅಂಟಿಕೊಂಡಿದ್ದರಂತೂ ಲೆಕ್ಕವೇ ತಪ್ಪು.

ಮುಂದಿನದು ಬೆಳಕು. 254 ನ್ಯಾನೋಮೀಟರಿನ ನೇರಳಾತೀತ ದೀಪದಲ್ಲಿ ಶೀಲೈಟ್ ತಿಳಿನೀಲಿ ಬಿಳುಪಾಗಿ ಜೋರಾಗಿ ಹೊಳೆಯುತ್ತದೆ. ನೋಟು ನೋಡುವ ಅಗ್ಗದ ಟಾರ್ಚ್ ಇದಕ್ಕೆ ಆಗುವುದಿಲ್ಲ, ಅದರ ಅಲೆ ಉದ್ದ. ಆ ಉದ್ದ ಅಲೆಯಲ್ಲಿ ಸೆರುಸೈಟ್ ಎಷ್ಟೋ ಸಲ ಹಳದಿ ಹೊಳಪು ಕೊಡುತ್ತದೆ, ಕೆಲವು ಹರಳು ಸುಮ್ಮನಿರುತ್ತವೆ. ಗೀಚಿ ನೋಡಬೇಡಿ. ಆಸಿಡ್ ಹಾಕಿ ನೋಡಿ ಎಂದು ಯಾರಾದರೂ ಹೇಳಿದರೆ ಕೇಳಲೇಬೇಡಿ. ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ಒಯ್ಯಿರಿ. ಟ್ರಂಕನ್ನೂ ಇನ್ನೊಮ್ಮೆ ಹುಡುಕಿ. ಕಲ್ಲಿನ ಜೊತೆ ಹಳೇ ಚೀಟಿ, ಪೊಟ್ಟಣದ ಕಾಗದ ಏನಿದ್ದರೂ ಎಸೆಯಬೇಡಿ.

ಪ್ರಶ್ನೆ: ಮೊದಲ ಸೆರುಸೈಟ್ ಕೊಳ್ಳಬೇಕು ಅಂತಿದ್ದೇನೆ. ಯಾವ ಊರಿನದು ಒಳ್ಳೆಯದು? ಮೋಸ ಹೋಗದೆ ಇರುವುದು ಹೇಗೆ?
(ಮಾಲೂರು)

ಉತ್ತರ: ಹೆಸರಿಗೆ ದೊಡ್ಡದು ನಮೀಬಿಯಾದ ತ್ಸುಮೆಬ್. ಆ ಗಣಿ 1996ರಲ್ಲಿ ಮುಚ್ಚಿತು, ಈಗ ಮಾರಾಟಕ್ಕೆ ಬರುವುದು ಹೆಚ್ಚಾಗಿ ಹಳೇ ಸಂಗ್ರಹಗಳದ್ದು, ಬೆಲೆಯೂ ಹಾಗೇ ಇರುತ್ತದೆ. ಆಸ್ಟ್ರೇಲಿಯಾದ ಬ್ರೋಕನ್ ಹಿಲ್, ಇರಾನಿನ ನಖ್ಲಕ್, ಮೊರಾಕೊದ ಮಿಬ್ಲಾಡೆನ್, ಸಾರ್ಡೀನಿಯಾದ ಮೊಂಟೆಪೋನಿ ಕೂಡ ಹೆಸರು ಮಾಡಿದ ಜಾಗಗಳು. ಹೊಸಬರಿಗೆ ಮೊರಾಕೊದ ಚಿಕ್ಕ ಹರಳು ಸಾಕು. ನಮ್ಮಲ್ಲಿ ಸೀಸದ ದೊಡ್ಡ ಗಣಿಗಳು ರಾಜಸ್ಥಾನದ ಝಾವರ್, ರಾಂಪುರಾ ಅಗುಚಾ ಕಡೆ ಇವೆ, ಆದರೆ ಸಂಗ್ರಹಕಾರರು ಸೆರುಸೈಟ್‌ಗಾಗಿ ಅತ್ತ ನೋಡುವುದು ಕಡಿಮೆ.

ಗಾತ್ರ ನೋಡಿ ಮರುಳಾಗಬೇಡಿ. ಈ ಖನಿಜದ ಚೆಂದ ಇರುವುದು ಜೋಡಿ ಹರಳಿನಲ್ಲಿ. ಮೂರು ಹರಳು ಒಂದರೊಳಗೊಂದು ಹಾಯ್ದು ಆರು ಕೈಯ ನಕ್ಷತ್ರ ಆಗುತ್ತದೆ, ಎರಡು ಸೇರಿ ಬಾಣದ ತುದಿಯ ಹಾಗೆ ಆಗುತ್ತದೆ, ಇನ್ನು ಕೆಲವದರಲ್ಲಿ ತೆಳ್ಳನೆಯ ಹರಳುಗಳು ಜಾಲಂಧ್ರದ ಹಾಗೆ ಹೆಣೆದುಕೊಳ್ಳುತ್ತವೆ. ತುದಿ ಮುರಿಯದ ಒಂದು ಸೆಂಟಿಮೀಟರ್ ನಕ್ಷತ್ರ, ಮೂಲೆ ಒಡೆದ ಮುಷ್ಟಿಗಾತ್ರದ ಗಡ್ಡೆಗಿಂತ ಮೇಲು ಅಂತ ನಾನು ಹೇಳುತ್ತೇನೆ. ಒಪ್ಪದವರೂ ಇದ್ದಾರೆ.

ಮೋಸ ಜಾಸ್ತಿ ನಡೆಯುವುದು ಅಂಟಿನಲ್ಲಿ. ಮುರಿದ ಕೈ ಅಂಟಿಸುತ್ತಾರೆ, ಎಲ್ಲಿಂದಲೋ ತಂದ ಹರಳನ್ನು ಬೇರೆ ಬಂಡೆಗೆ ಕೂರಿಸುತ್ತಾರೆ. ಭೂತಗನ್ನಡಿ ಹಿಡಿದು ಬುಡ ನೋಡಿ. ನೇರಳಾತೀತ ಟಾರ್ಚ್ ಈಗ ಕೆಲಸಕ್ಕೆ ಬರುತ್ತದೆ, ಬಹಳಷ್ಟು ಅಂಟು ಅದರಲ್ಲಿ ನೀಲಿಬಿಳುಪಾಗಿ ಎದ್ದು ಕಾಣುತ್ತದೆ. ರಿಪೇರಿ ಆಗಿದೆ ಎಂದು ಮೊದಲೇ ಹೇಳಿ ಮಾರಿದರೆ ತಪ್ಪಿಲ್ಲ, ಬೆಲೆ ಇಳಿಸಿ ಕೇಳಿ. ಯಾವ ಗಣಿ, ಯಾವ ದೇಶ ಎಂಬ ಚೀಟಿ ಇಲ್ಲದಿದ್ದರೆ ಮಾತ್ರ ಬಿಟ್ಟುಬಿಡಿ. ಹರಳು ಇನ್ನೊಂದು ಸಿಗುತ್ತದೆ, ಕಳೆದುಹೋದ ಊರು ಸಿಗುವುದಿಲ್ಲ.

ಪ್ರಶ್ನೆ: ಹರಳಿನ ಮೇಲೆ ಕೊಳೆ ಕೂತಿದೆ. ಹಿತ್ತಾಳೆ ತಿಕ್ಕಿದ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಬಹುದಾ?
(ಬಂಗಾರಪೇಟೆ)

ಉತ್ತರ: ಬೇಡವೇ ಬೇಡ! ಹುಣಸೆ, ನಿಂಬೆ, ವಿನೆಗರ್ ಎಲ್ಲವೂ ಹುಳಿ, ಹುಳಿ ಕಾರ್ಬೊನೇಟನ್ನು ತಿನ್ನುತ್ತದೆ. ವಿನೆಗರ್ ಆದರೆ ನೀರಲ್ಲಿ ಕರಗುವ ಸೀಸದ ಅಸಿಟೇಟ್ ಉಳಿಯುತ್ತದೆ, ಅದು ವಿಷ. ಬಿಸಿನೀರೂ ಬೇಡ. ಬಿಸಿಲಲ್ಲಿ ಕಾದ ಹರಳಿಗೆ ತಣ್ಣೀರು ಹಾಕಿದರೂ ಬಿರುಕು ಬಿಡಬಹುದು. ಸದ್ದಿನ ಅಲೆಯಲ್ಲಿ ತೊಳೆಯುವ ಯಂತ್ರಕ್ಕೆ ಹಾಕಿದರೆ ಚೂರು ಎತ್ತಿಕೊಳ್ಳಬೇಕಾದೀತು. ಮೆತ್ತನೆ ಚಿತ್ರಕಲೆ ಬ್ರಷ್ ಸ್ವಲ್ಪ ಒದ್ದೆ ಮಾಡಿ ಧೂಳು ತೆಗೆಯಿರಿ, ಹೋಗದಿದ್ದರೆ ಹಾಗೇ ಬಿಡಿ.

ಪ್ರಶ್ನೆ: ನೋಡಲು ಸ್ಫಟಿಕದ ಹಾಗೇ ಇದೆ. ದೇವರ ಮನೆಯಲ್ಲಿ ಇಟ್ಟು ಅಭಿಷೇಕ ಮಾಡಬಹುದಾ?
(ಮುಳಬಾಗಿಲು)

ಉತ್ತರ: ದಯವಿಟ್ಟು ಮಾಡಬೇಡಿ. ಇದರ ತೂಕದಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ಸೀಸ, ಸರಿಯಾಗಿ ಹೇಳಬೇಕೆಂದರೆ 77.5%. ಪಂಚಾಮೃತದಲ್ಲಿ ಮೊಸರಿದೆ, ಜೇನಿದೆ, ಎರಡೂ ಹುಳಿ ಗುಣದವು. ಆ ಹುಳಿಗೆ ಸೀಸ ಕರಗಿ ತೀರ್ಥಕ್ಕೆ ಬರುತ್ತದೆ, ಆ ತೀರ್ಥ ಮಕ್ಕಳ ಕೈಗೆ ಹೋಗುತ್ತದೆ. ಹರಳಿನ ಪುಡಿ ನುಂಗಿದರೂ ಹೊಟ್ಟೆಯ ಆಮ್ಲದಲ್ಲಿ ಕರಗುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದ ಮಾತ್ರಕ್ಕೆ ಹರಳು ಮನೆಯಲ್ಲಿ ಇರಲೇಬಾರದು ಅಂತಲ್ಲ. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಮುಟ್ಟಿದರೆ ಕೈ ಸೋಪು ಹಾಕಿ ತೊಳೆಯಿರಿ, ಬಿದ್ದ ಪುಡಿಯನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆ ಎಸೆಯಿರಿ.

ಪ್ರಶ್ನೆ: ವಜ್ರಕ್ಕಿಂತ ಹೊಳೆಯುತ್ತದೆ ಅಂತಾರೆ. ಉಂಗುರಕ್ಕೆ ಹಾಕಿಸಲೇ?
(ಕೋಲಾರ)

ಉತ್ತರ: ಬಣ್ಣ ಚೆದುರಿಸುವುದರಲ್ಲಿ ಮುಂದು, ನಿಜ. ವಜ್ರದ್ದು 0.044, ಇದರದ್ದು 0.055. ಆದರೆ ಗಡಸುತನ 3ರಿಂದ 3.5, ವಜ್ರದ್ದು 10. ಮೂಲೆ ಕತ್ತರಿಸುವಾಗಲೇ ಎಷ್ಟೋ ಹರಳು ಒಡೆಯುತ್ತವೆ. ಟೊರೊಂಟೊದ ರಾಯಲ್ ಒಂಟಾರಿಯೊ ಮ್ಯೂಸಿಯಮ್ಮಿನಲ್ಲಿ ತ್ಸುಮೆಬ್‌ನ 898 ಕ್ಯಾರಟ್ ಸೆರುಸೈಟ್ ಒಂದಿದೆ, ಅದೂ ಗಾಜಿನ ಹಿಂದೆ ನೋಡಲಿಕ್ಕೆ ಮಾತ್ರ. ಉಂಗುರಕ್ಕೆ ಬೇರೆ ಕಲ್ಲು ನೋಡಿ.